ನಿಲ್ಲದ ಬಣ್ಣದ ಉಪಕಾರ

ಬಣ್ಣ ಅಂದರೆ ಪಕ್ಕಾ ಇರಬೇಕು. ಕೆರೂರಿನಲ್ಲಾಗಲಿ, ಗುಳೇದಗುಡ್ಡ, ಕಮತಗಿ, ಇಳಕಲ್ಲಿನಲ್ಲಾಗಲಿ, ಮಗ್ಗದ ಸಪ್ಪಳ ಕೇಳುವ ಓಣಿಯಲ್ಲಿ ಬಣ್ಣದ ಮಾತು ತೆಗೆದರೆ ಮೊದಲು ಬರುವ ಷರತ್ತು ಇದು. ಲಡಿಯನ್ನು ಹಂಡೆಯಲ್ಲಿ ಅದ್ದಿ ಎತ್ತಿದ ಮೇಲೆ ಬಣ್ಣ ನೂಲನ್ನು ಬಿಡಬಾರದು. ನೀರಿಗೆ ಹರಿಯಬಾರದು, ಬಿಸಿಲಿಗೆ ಮಾಸಬಾರದು, ತೋಪ ಸೆರಗಿನ ಕೆಂಪು ಪಕ್ಕದ ಬಿಳಿಗೆ ಹತ್ತಬಾರದು. ನೀಲಿಯಲ್ಲಿ ಕೈ ಅದ್ದಿಕೊಂಡೇ ಬದುಕು ಸವೆಸಿದ ಈ ಸೀಮೆಯ ನೀಲಗಾರರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದದ್ದು ಈ ಗುಣವನ್ನೇ. ಅವ್ವ ಉಟ್ಟು ಹಳತಾದ ಸೀರೆ ಮೊಮ್ಮಗನ ಕೌದಿ ಸೇರಿದ ಮೇಲೂ ದಡಿಯ ಬಣ್ಣ ಉಳಿದಿರುತ್ತಿತ್ತೆಂದರೆ ಅದು ಅವರ ಕೈಗುಣ.

ಇವತ್ತಿನ ಮಾತು ಇದಕ್ಕೆ ತೀರಾ ವಿರುದ್ಧ ಗುಣದ ಬಣ್ಣಗಳದು. ಇವು ಕೆಲಸ ಮುಗಿಸಿ ಬೇಗ ಹೊರಟುಹೋಗಬೇಕು, ಕಲೆ ಉಳಿಸಬಾರದು. ಇವು ಸೂಸುವ ಬೆಳಕು ಬರಿಗಣ್ಣಿಗೆ ಕಾಣುವುದೂ ಇಲ್ಲ. ಇವು ಸೇರುವುದು ನೂಲಿಗಲ್ಲ, ಮನುಷ್ಯನ ನೆತ್ತರಿಗೆ. ವಿಜ್ಞಾನಿಗಳು ಇವನ್ನು ಅವಗೆಂಪಿನ ಅಂಚಿನಲ್ಲಿ ಬೆಳಗುವ ಪ್ರತಿದೀಪ್ತ ಬಣ್ಣಗಳು ಎನ್ನುತ್ತಾರೆ. ಆಸ್ಪತ್ರೆಯಲ್ಲಿ ನಿಯರ್ ಇನ್‌ಫ್ರಾರೆಡ್ ಡೈ ಎಂದೇ ರೂಢಿ. ನೇಕಾರರು ಬೇಡವೆಂದು ಬದಿಗಿಟ್ಟ ಬಣ್ಣದ ಕುಲವೊಂದು ನೂರು ವರ್ಷ ಸುತ್ತಾಡಿ ವೈದ್ಯರ ಕೈ ಸೇರಿತು. ಅದರ ಹಿಂದಿನ ಕಥೆ ಬಣ್ಣದ ಕಸುಬಿನ ಊರಿನವರು ಕೇಳಲೇಬೇಕಾದದ್ದು.

1856ನೇ ಇಸವಿ. ಲಂಡನ್ನಿನಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಮಲೇರಿಯಾದ ಮದ್ದಾದ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಲು ಹೊರಟಿದ್ದ. ಮದ್ದು ಸಿಗಲಿಲ್ಲ, ನೇರಳೆ ಬಣ್ಣ ಸಿಕ್ಕಿತು. ಜಗತ್ತಿನ ರಾಸಾಯನಿಕ ಬಣ್ಣಗಳ ಉದ್ಯಮಕ್ಕೆ ಬುನಾದಿ ಬಿದ್ದದ್ದು ಅಲ್ಲಿಂದ. ಅದೇ ವರ್ಷ ಗ್ರೆವಿಲ್ ವಿಲಿಯಮ್ಸ್ ಎಂಬ ಇನ್ನೊಬ್ಬ ರಸಾಯನಶಾಸ್ತ್ರಜ್ಞ, ಅದೇ ಮದ್ದಿನ ಮೂಲವಾದ ಸಿಂಕೋನಾ ತೊಗಟೆಯ ಸಾರದಿಂದ ಸಿಗುವ ಕ್ವಿನೋಲಿನ್ ಎಂಬ ದ್ರವದಿಂದ ಮನಸೆಳೆಯುವ ನೀಲಿಯೊಂದನ್ನು ಪಡೆದ. ಅದಕ್ಕೆ ಸಯನೀನ್ ಎಂದು ಹೆಸರಾಯಿತು. ರೇಷ್ಮೆಗೆ ಹಾಕಿದರೆ ಬಲು ಚೆಂದ ಕಾಣುತ್ತಿತ್ತು. ಆದರೆ ಬೆಳಕು ತಾಗಿದೊಡನೆ ಮಾಸತೊಡಗುತ್ತಿತ್ತು. ಬಟ್ಟೆಯ ವ್ಯಾಪಾರಿಗಳು ಅದನ್ನು ಕೈಬಿಟ್ಟರು. ಕಚ್ಚಾ ಬಣ್ಣವನ್ನು ಯಾರು ಕೊಳ್ಳುತ್ತಾರೆ?

ಆದರೆ ಬೆಳಕಿಗೆ ಮಾಸುವುದೆಂದರೆ ಬೆಳಕಿನೊಡನೆ ಬಲವಾದ ನಂಟಿದೆ ಎಂದೂ ಆಗುತ್ತದೆ. ಆ ನಂಟನ್ನು ಮೊದಲು ಬಳಸಿಕೊಂಡವರು ಫೋಟೋದವರು. ಆಗಿನ ಬೆಳ್ಳಿಲವಣದ ಗಾಜಿನ ಫಲಕಗಳಿಗೆ ನೀಲಿ ಬೆಳಕು ಮಾತ್ರ ತಿಳಿಯುತ್ತಿತ್ತು. ಕೆಂಪು ವಸ್ತು ಚಿತ್ರದಲ್ಲಿ ಕಪ್ಪಾಗಿ ಬೀಳುತ್ತಿತ್ತು. 1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್, ಫಲಕಕ್ಕೆ ತಕ್ಕ ಬಣ್ಣ ಬೆರೆಸಿದರೆ ಅದು ಬೇರೆ ಬೆಳಕುಗಳನ್ನೂ ಗ್ರಹಿಸುತ್ತದೆ ಎಂದು ಕಂಡುಕೊಂಡ. ಮುಂದಿನ ದಶಕಗಳಲ್ಲಿ ಸಯನೀನ್ ಕುಲದ ಬಣ್ಣಗಳು ಫಲಕದ ಕಣ್ಣನ್ನು ಹಸಿರಿನಿಂದ ಕೆಂಪಿಗೆ, ಕೆಂಪಿನಿಂದಾಚೆ ಮನುಷ್ಯನಿಗೆ ಕಾಣದ ಅವಗೆಂಪಿನವರೆಗೆ ಒಯ್ದವು. ಈ ಕುಲದ ಅಣುಗಳ ನಡುವೆ ಇಂಗಾಲದ ಸಣ್ಣ ಸರಪಳಿಯೊಂದಿರುತ್ತದೆ. ಆ ಸರಪಳಿಗೆ ಎರಡು ಇಂಗಾಲ ಸೇರಿಸಿದಂತೆಲ್ಲ ಬಣ್ಣ ಹೀರುವ ಬೆಳಕು ಸುಮಾರು 100 ನ್ಯಾನೊಮೀಟರ್‌ನಷ್ಟು ಕೆಂಪಿನ ಕಡೆಗೆ ಸರಿಯುತ್ತದೆ. ಇಷ್ಟು ಲೆಕ್ಕಾಚಾರವಾಗಿ ಮಾತು ಕೇಳುವ ಬಣ್ಣ ರಸಾಯನಶಾಸ್ತ್ರದಲ್ಲಿ ಅಪರೂಪ. ಅಮೆರಿಕದ ರೋಚೆಸ್ಟರಿನಲ್ಲಿದ್ದ ಕೊಡಾಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಲೆಸ್ಲಿ ಬ್ರೂಕರ್ ಎಂಬ ವಿಜ್ಞಾನಿ ಈ ಕುಲದ ಅಭ್ಯಾಸದಲ್ಲೇ ಆಯುಷ್ಯ ಕಳೆದ.

ರೋಚೆಸ್ಟರ್ ಹೆಸರಿನ ಇನ್ನೊಂದು ಊರೂ ಅಮೆರಿಕದಲ್ಲಿದೆ. ಕೊಡಾಕ್ ಇರುವುದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿ, ಮೇಯೋ ಕ್ಲಿನಿಕ್ ಎಂಬ ದೊಡ್ಡ ಆಸ್ಪತ್ರೆ ಇರುವುದು ಮಿನ್ನೆಸೋಟ ರಾಜ್ಯದ ರೋಚೆಸ್ಟರಿನಲ್ಲಿ. 1950ರ ದಶಕದಲ್ಲಿ ಈ ಎರಡೂ ಊರು ಒಂದು ಬಣ್ಣಕ್ಕಾಗಿ ಕೈಜೋಡಿಸಿದವು.

ಮೇಯೋ ಕ್ಲಿನಿಕ್ಕಿನ ಇರ್ವಿನ್ ಫಾಕ್ಸ್ ಮತ್ತು ಅರ್ಲ್ ವುಡ್ ಅವರ ಕೆಲಸ ಹೃದಯ ನಿಮಿಷಕ್ಕೆ ಎಷ್ಟು ರಕ್ತ ದೂಡುತ್ತದೆ ಎಂದು ಅಳೆಯುವುದು. ರಕ್ತಕ್ಕೆ ಬಣ್ಣ ಬಿಟ್ಟು, ಅದು ಎಷ್ಟು ಬೇಗ ತೆಳುವಾಗುತ್ತದೆ ಎಂದು ನೋಡುವ ವಿಧಾನವಿತ್ತು. ಆಗ ಬಳಕೆಯಲ್ಲಿದ್ದ ಇವಾನ್ಸ್ ಬ್ಲೂ ಎಂಬ ಬಣ್ಣಕ್ಕೆ ಒಂದು ದೋಷ. ಅದನ್ನು ಅಳೆಯುವ ಬೆಳಕನ್ನು ಆಮ್ಲಜನಕ ತುಂಬಿದ ರಕ್ತ ಒಂದು ಬಗೆಯಲ್ಲಿ ಹೀರಿದರೆ, ಆಮ್ಲಜನಕ ಕಳೆದುಕೊಂಡ ರಕ್ತ ಇನ್ನೊಂದು ಬಗೆಯಲ್ಲಿ ಹೀರುತ್ತದೆ. ಹಾಗಾಗಿ ಅಳತೆ ಏರುಪೇರಾದಾಗ ಅದು ಬಣ್ಣದಿಂದಲೋ ರಕ್ತದಿಂದಲೋ ಎಂದು ತಿಳಿಯುತ್ತಿರಲಿಲ್ಲ.

ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್ ಎಲ್ಲರಿಗೂ ನೆನಪಿದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಿಡಿದು ಬಂದಿದ್ದರು. ಆ ಯಂತ್ರ ಕೆಲಸ ಮಾಡುವುದೂ ರಕ್ತದ ಇದೇ ಗುಣದಿಂದ. 660 ನ್ಯಾನೊಮೀಟರಿನ ಕೆಂಪು ಬೆಳಕು, 940ರ ಅವಗೆಂಪು ಬೆಳಕು ಎರಡನ್ನೂ ಬೆರಳಿನೊಳಗೆ ಹಾಯಿಸಿ, ಯಾವುದು ಎಷ್ಟು ದಾಟಿತು ಎಂಬುದರಿಂದ ಆಮ್ಲಜನಕದ ಲೆಕ್ಕ ಹೇಳುತ್ತದೆ. ಈ ಎರಡರ ನಡುವೆ, ಸುಮಾರು 805 ನ್ಯಾನೊಮೀಟರಿನಲ್ಲಿ, ಎರಡು ಬಗೆಯ ರಕ್ತವೂ ಸರಿಸಮ ಬೆಳಕು ಹೀರುವ ಒಂದು ತಾಣವಿದೆ. ಅಲ್ಲಿ ಕೆಲಸ ಮಾಡುವ ಬಣ್ಣ ಸಿಕ್ಕರೆ ಆಮ್ಲಜನಕದ ಗೊಂದಲವೇ ಇರುವುದಿಲ್ಲ ಎಂದು ಫಾಕ್ಸ್ ಮನಗಂಡರು. ಅಂಥ ಬಣ್ಣ ಕೊಡಾಕ್‌ನ ಕಪಾಟಿನಲ್ಲಿತ್ತು. 1957ರಲ್ಲಿ ಫಾಕ್ಸ್, ಬ್ರೂಕರ್, ವುಡ್ ಮತ್ತು ಸಂಗಡಿಗರು ಅದರ ವರದಿ ಪ್ರಕಟಿಸಿದರು. 1959ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಅದೇ ಇಂಡೋಸಯನೀನ್ ಗ್ರೀನ್, ವೈದ್ಯರ ಬಾಯಲ್ಲಿ ಐಸಿಜಿ.

ಐಸಿಜಿಯ ನಡವಳಿಕೆ ನೋಡಿ. ಹಸಿರು ಪುಡಿ 25 ಮಿಲಿಗ್ರಾಂನ ಸೀಸೆಯಲ್ಲಿ ಬರುತ್ತದೆ. ನೀರಿನಲ್ಲಿ ಕದಡಿದ ಮೇಲೆ ಬಹಳ ಹೊತ್ತು ತಾಳುವುದಿಲ್ಲ; ಆರು ಗಂಟೆಯೊಳಗೆ ಬಳಸಬೇಕು. ರಕ್ತನಾಳಕ್ಕೆ ಕೊಟ್ಟ ಕೂಡಲೇ ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡು ನಾಳದೊಳಗೇ ಹರಿಯುತ್ತದೆ, ಹೊರಗೆ ಸೋರುವುದಿಲ್ಲ. ಯಕೃತ್ತು ಅದನ್ನು ಆರಿಸಿ ಪಿತ್ತಕ್ಕೆ ತಳ್ಳುತ್ತದೆ. ಆರೋಗ್ಯವಂತರಲ್ಲಿ ಎರಡರಿಂದ ನಾಲ್ಕು ನಿಮಿಷಕ್ಕೊಮ್ಮೆ ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯುತ್ತಾ ಹೋಗುತ್ತದೆ. ಬಟ್ಟೆಗೆ ಬಣ್ಣ ಹಾಕುವವರ ಕಣ್ಣಿನಲ್ಲಿ ಇದರಷ್ಟು ಕಚ್ಚಾ ಬಣ್ಣ ಇನ್ನೊಂದಿಲ್ಲ. ವೈದ್ಯರಿಗೆ ಬೇಕಾದದ್ದೇ ಈ ಗುಣ. ನಿಲ್ಲದೆ ಹೋಗುವುದರಿಂದಲೇ ಅದನ್ನು ಮತ್ತೊಮ್ಮೆ ಕೊಡಬಹುದು, ಅರ್ಧ ಗಂಟೆ ಬಿಟ್ಟು ಬೇರೆ ಜಾಗ ನೋಡಬಹುದು.

ಇನ್ನು ಕಾಣದ ಬೆಳಕೇ ಏಕೆ ಬೇಕು? ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚಿನ ಮೇಲೆ ಬೆರಳಿಟ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಟಾರ್ಚು ಬಿಳಿ, ಬೆರಳ ತುದಿಯಲ್ಲಿ ಹೊಮ್ಮುವುದು ಕೆಂಪು. ನೀಲಿ, ಹಸಿರು ಬೆಳಕನ್ನು ರಕ್ತ ನುಂಗಿಬಿಡುತ್ತದೆ. ನುಂಗದ ಬೆಳಕೂ ಮಾಂಸದಲ್ಲಿ ಚದುರಿಹೋಗುತ್ತದೆ. ಅಲೆ ಉದ್ದವಾದಷ್ಟೂ ಚದುರುವಿಕೆ ಕಡಿಮೆ. 900 ದಾಟಿದ ಮೇಲೆ ಮೈಯ ನೀರು ಬೆಳಕನ್ನು ಹೆಚ್ಚುಹೆಚ್ಚು ಹೀರತೊಡಗುತ್ತದೆ. ಹೀಗೆ ಈಚೆ ರಕ್ತ, ಆಚೆ ನೀರು ತಡೆಯೊಡ್ಡುವಾಗ ನಡುವೆ 700ರಿಂದ 900ರವರೆಗೆ ಬೆಳಕು ಸಲೀಸಾಗಿ ಸೆಂಟಿಮೀಟರಿನಷ್ಟು ಆಳಕ್ಕೆ ಹೋಗಿ ಬರುವ ಕಿಂಡಿಯೊಂದು ತೆರೆದಿರುತ್ತದೆ. ಐಸಿಜಿ ರಕ್ತದಲ್ಲಿ ಸುಮಾರು 805ರಲ್ಲಿ ಬೆಳಕು ಹೀರಿ, 830ರ ಸುತ್ತ ಬೆಳಕು ಹಿಂದಿರುಗಿಸುತ್ತದೆ. ಹೀಗೆ ಒಂದು ಬೆಳಕು ತಿಂದು ತುಸು ಉದ್ದ ಅಲೆಯ ಇನ್ನೊಂದನ್ನು ಹೊರಹಾಕುವುದೇ ಪ್ರತಿದೀಪ್ತಿ. ಮೈಯ ಬೇರೆ ಅಂಗಾಂಶಗಳು ಆ ಸೀಮೆಯಲ್ಲಿ ತಾವಾಗಿ ಹೆಚ್ಚು ಬೆಳಗುವುದಿಲ್ಲವಾದ್ದರಿಂದ ಬಣ್ಣ ಇರುವ ಜಾಗ ಕಪ್ಪು ಹಿನ್ನೆಲೆಯ ಮೇಲೆ ಎದ್ದು ಕಾಣುತ್ತದೆ. ಕಾಣುವುದು ಕ್ಯಾಮೆರಾಕ್ಕೆ. ಟಿವಿ ರಿಮೋಟಿನ ಗುಂಡಿ ಒತ್ತಿ ಅದರ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿದರೆ ಎಷ್ಟೋ ಫೋನುಗಳಲ್ಲಿ ಬೆಳಕು ಮಿನುಗುವುದು ಕಾಣುತ್ತದೆ. ಬರಿಗಣ್ಣಿಗೆ ಏನೂ ಇಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಬಣ್ಣ ಬಳಸಿ ಮೈಯೊಳಗೆ ನೋಡುವುದನ್ನು ಕಣ್ಣಿನ ವೈದ್ಯರು ಬಹಳ ಮೊದಲೇ ಕಲಿತಿದ್ದರು. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಫ್ಲೋರೆಸೀನ್ ಎಂಬ ಹಸಿರಾಗಿ ಹೊಳೆಯುವ ಬಣ್ಣವನ್ನು ಸೃಷ್ಟಿಸಿದ. ನೀಲಿಯ ರಾಸಾಯನಿಕ ರಚನೆಯನ್ನು ಬಿಡಿಸಿದವನೂ ಅವನೇ. 1897ರಲ್ಲಿ ಜರ್ಮನ್ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದ ಮೇಲೆ ನಮ್ಮ ನೀಲಿ ಬೆಳೆ ನೆಲಕಚ್ಚಿತು, ನೀಲಗಾರರ ಕಸುಬೂ ಬಡವಾಯಿತು. ಈ ಸೀಮೆಯ ಒಂದು ವಿದ್ಯೆಯನ್ನು ಸೊರಗಿಸಿದ ಅದೇ ಕೈಯಿಂದ ಬಂದ ಇನ್ನೊಂದು ಬಣ್ಣ ಈಗ ಕಣ್ಣು ಉಳಿಸುತ್ತಿದೆ. 1961ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ನೊವೊಟ್ನಿ ಮತ್ತು ಆಲ್ವಿಸ್ ಎಂಬ ಇಬ್ಬರು ವೈದ್ಯವಿದ್ಯಾರ್ಥಿಗಳು ಫ್ಲೋರೆಸೀನನ್ನು ರಕ್ತಕ್ಕೆ ಕೊಟ್ಟು ಕಣ್ಣಿನ ಪರದೆಯ ನಾಳಗಳ ಚಿತ್ರ ತೆಗೆದರು. ಸಕ್ಕರೆ ಕಾಯಿಲೆಯವರ ಕಣ್ಣಿನಲ್ಲಿ ಯಾವ ನಾಳ ಸೋರುತ್ತಿದೆ ಎಂದು ಈ ಚಿತ್ರ ತೋರಿಸುತ್ತದೆ. ಪರದೆಯ ಹಿಂದಿನ ಪದರದ ನಾಳಗಳನ್ನು ನೋಡಲು ಮಾತ್ರ ಫ್ಲೋರೆಸೀನ್ ಸಾಲದು. ಪರದೆಯ ಕಪ್ಪು ವರ್ಣಕ ಅದರ ಬೆಳಕನ್ನು ತಡೆಯುತ್ತದೆ. ಅಲ್ಲಿ ಐಸಿಜಿಯೇ ಬೇಕು. ಬೀಳಗಿಯಲ್ಲಿ ಹುಟ್ಟಿ ಊರೂರಿಗೆ ಹೋಗಿ ಶಿಬಿರ ಕಟ್ಟಿ ಲಕ್ಷಗಟ್ಟಲೆ ಬಡವರ ಕಣ್ಣು ತೆರೆಸಿದ ಡಾ. ಎಂ. ಸಿ. ಮೋದಿಯವರ ಕಾಲದ ದೊಡ್ಡ ವೈರಿ ಕಣ್ಣಿನ ಪೊರೆ. ಅದು ಟಾರ್ಚಿನ ಬೆಳಕಿಗೇ ಕಾಣುತ್ತಿತ್ತು. ಸಕ್ಕರೆ ಕಾಯಿಲೆಯ ಹಾನಿ ನಡೆಯುವುದು ಕಣ್ಣಿನ ಹಿಂದೆ, ಹೊರಗಿನಿಂದ ತಿಳಿಯದ ಜಾಗದಲ್ಲಿ.

ಐಸಿಜಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದದ್ದು ಸೂಕ್ಷ್ಮ ಕ್ಯಾಮೆರಾಗಳು ಬಂದ ಮೇಲೆ. ಪಿತ್ತಕೋಶ ತೆಗೆಯುವಾಗ ತಪ್ಪಿಯೂ ಕತ್ತರಿಸಬಾರದ ಮುಖ್ಯ ನಾಳವೊಂದಿದೆ. ಕೊಬ್ಬಿನೊಳಗೆ ಹುದುಗಿದ ಅದು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಮೊದಲೇ ಐಸಿಜಿ ಕೊಟ್ಟಿದ್ದರೆ, ಯಕೃತ್ತು ಅದನ್ನು ಪಿತ್ತಕ್ಕೆ ಸೇರಿಸಿರುವುದರಿಂದ, ಪರದೆಯ ಮೇಲೆ ನಾಳ ಪೂರ್ತಿ ಬೆಳಗುತ್ತದೆ. ಕರುಳಿನ ಕೆಟ್ಟ ಭಾಗ ತೆಗೆದು ಎರಡು ತುದಿ ಹೊಲಿಯುವಾಗ ತುದಿಗಳಿಗೆ ರಕ್ತ ಬರುತ್ತಿದೆಯೇ ಎಂಬುದೂ ಒಂದೆರಡು ನಿಮಿಷದಲ್ಲಿ ತಿಳಿಯುತ್ತದೆ. ಬೆಳಗದ ತುದಿಯನ್ನು ಹೊಲಿದರೆ ಹೊಲಿಗೆ ಬಿಟ್ಟುಕೊಳ್ಳುವ ಭಯ.

ಸ್ತನದ ಕ್ಯಾನ್ಸರಿನಲ್ಲಿ ಇದರ ಉಪಯೋಗ ಇನ್ನೂ ದೊಡ್ಡದು. ರೋಗ ಹರಡಿದರೆ ಮೊದಲು ತಲುಪುವುದು ಕಂಕುಳಿನ ಒಂದೆರಡು ದುಗ್ಧಗ್ರಂಥಿಗಳನ್ನು. ಅವುಗಳನ್ನು ಗುರುತಿಸಿ ಪರೀಕ್ಷಿಸಿ, ರೋಗವಿಲ್ಲವೆಂದಾದರೆ ಉಳಿದ ಗ್ರಂಥಿಗಳನ್ನು ಮುಟ್ಟದೆ ಬಿಡಬಹುದು. ಎಲ್ಲವನ್ನೂ ಕಿತ್ತರೆ ಎಷ್ಟೋ ಹೆಣ್ಣುಮಕ್ಕಳ ತೋಳು ಜೀವನಪೂರ್ತಿ ಊದಿಕೊಂಡಿರುತ್ತದೆ. ರೊಟ್ಟಿ ಬಡಿಯುವ, ಮಗ್ಗದ ಲಾಳಿ ಹೊಡೆಯುವ ತೋಳು ಅದು. ಆ ಗ್ರಂಥಿ ಹುಡುಕಲು ವಿಕಿರಣ ಸೂಸುವ ಟೆಕ್ನೀಷಿಯಂ ಬಳಸುವ ರೂಢಿಯಿದೆ. ಅದರ ವಿಕಿರಣ ಆರು ಗಂಟೆಗೆ ಅರ್ಧವಾಗುತ್ತದೆ, ಅದಕ್ಕೆ ಪರಮಾಣು ವೈದ್ಯ ವಿಭಾಗವೇ ಬೇಕು. ದೊಡ್ಡ ನಗರದ ಕ್ಯಾನ್ಸರ್ ಆಸ್ಪತ್ರೆಗೆ ಅದು ಸಾಧ್ಯ, ಎಲ್ಲ ಊರಿಗೂ ಸಾಧ್ಯವಿಲ್ಲ. ಐಸಿಜಿಗೆ ಬೇಕಾದದ್ದು ಸೀಸೆ, ಕ್ಯಾಮೆರಾ, ಪಳಗಿದ ಕೈ. ಈ ಬಣ್ಣದ ಬಹುದೊಡ್ಡ ಗುಣ ಇದೇ ಎನ್ನಬೇಕು: ಅದು ಸಣ್ಣ ಊರಿಗೂ ಬರಬಲ್ಲದು.

ಹಾಗೆಂದು ಐಸಿಜಿ ಪರಿಪೂರ್ಣವಲ್ಲ. ಹೀರಿದ ಬೆಳಕಿನಲ್ಲಿ ಸಣ್ಣ ಪಾಲನ್ನಷ್ಟೇ ಅದು ಹಿಂದಿರುಗಿಸುತ್ತದೆ. ಸೀಸೆಯಲ್ಲಿ ಅಯೋಡೈಡ್ ಬೆರೆತಿರುವುದರಿಂದ ಅದು ಒಗ್ಗದವರಿಗೆ ಎಚ್ಚರ ಬೇಕು. ಯಕೃತ್ತಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗದ ಕಾರಣ ಮೂತ್ರನಾಳ ಕಾಣುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ಅದಕ್ಕೆ ಕ್ಯಾನ್ಸರಿನ ಗುರುತಿಲ್ಲ. ರಕ್ತ ಎಲ್ಲಿಗೆ ಒಯ್ದರೆ ಅಲ್ಲಿಗೆ ಹೋಗುತ್ತದೆ.

ಸಂಶೋಧನೆ ಹೆಚ್ಚು ನಡೆದಿರುವುದು ಈ ಕೊರತೆಗಳ ಸುತ್ತಲೇ. ಬಾಸ್ಟನ್ನಿನಲ್ಲಿ ಚೋಯ್ ಮತ್ತು ಫ್ರಾಂಜಿಯೋನಿ ಅವರ ತಂಡ ಅಣುವಿನ ಮೇಲಿನ ಧನ, ಋಣ ವಿದ್ಯುದಂಶಗಳನ್ನು ಸರಿತೂಗಿಸಿ, ಮೂತ್ರಪಿಂಡದ ದಾರಿ ಹಿಡಿಯುವ ಬಣ್ಣವೊಂದನ್ನು ಕಟ್ಟಿತು. ನೆದರ್ಲೆಂಡಿನ ಲೈಡನ್ನಿನಲ್ಲಿ ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿದ್ದಾರೆ. ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಅವರ ದಾರಿ ಬೇರೆ. ಗರ್ಭಿಣಿಯರಿಗೆ ಮಾತ್ರೆಯಾಗಿ ಕೊಡುವ ಫೋಲಿಕ್ ಆಮ್ಲವನ್ನು ಕೆಲವು ಕ್ಯಾನ್ಸರ್ ಕೋಶಗಳು ಆಸೆಬುರುಕತನದಿಂದ ಹಿಡಿದುಕೊಳ್ಳುತ್ತವೆ. ಅದೇ ಬಗೆಯ ಅಣುವಿಗೆ ಅವಗೆಂಪಿನಲ್ಲಿ ಬೆಳಗುವ ಬಣ್ಣ ಜೋಡಿಸಿದ ಪಾಫೊಲಾಸಯನೀನ್‌ಗೆ 2021ರ ನವೆಂಬರಿನಲ್ಲಿ ಅಂಡಾಶಯದ ಕ್ಯಾನ್ಸರಿಗೂ, 2022ರ ಡಿಸೆಂಬರಿನಲ್ಲಿ ಶ್ವಾಸಕೋಶದ ಕ್ಯಾನ್ಸರಿಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನು ಕೆಲವರು 1000 ನ್ಯಾನೊಮೀಟರ್ ದಾಟಿದ ಎರಡನೇ ಕಿಂಡಿಯತ್ತ ಹೊರಟಿದ್ದಾರೆ. ಅಲ್ಲಿ ಚದುರುವಿಕೆ ಇನ್ನೂ ಕಡಿಮೆ, ಚಿತ್ರ ಇನ್ನೂ ಸ್ಪಷ್ಟ. ಅದಕ್ಕೆ ಹೊಸ ಹೊಸ ವಸ್ತು ಹುಡುಕುತ್ತಿರುವಾಗಲೇ ಹಳೆಯ ಐಸಿಜಿಯ ಬೆಳಕಿನ ಬಾಲ 1000ದಾಚೆಗೂ ಚಾಚಿದೆ ಎಂಬುದು ಗೊತ್ತಾಯಿತು. 2020ರಲ್ಲಿ ಚೀನಾದ ವೈದ್ಯರು ಅದನ್ನೇ ನಂಬಿ ಯಕೃತ್ತಿನ ಗೆಡ್ಡೆಯಿದ್ದ 23 ರೋಗಿಗಳ ಶಸ್ತ್ರಚಿಕಿತ್ಸೆಯ ವರದಿ ಕೊಟ್ಟರು.

ಕನ್ನಡನಾಡಿನಲ್ಲಿ ಈ ಕೆಲಸಕ್ಕೆ ಒಂದು ಗಟ್ಟಿ ನೆಲೆಯಿದೆ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಟಿ. ಗೋವಿಂದರಾಜು ಅವರ ತಂಡ ಕ್ವಿನೋನ್ ಸಯನೀನ್ ಎಂಬ ಬಣ್ಣಗಳನ್ನು ರೂಪಿಸಿದೆ. ಇವು ಸುಮ್ಮನೆ ಬೆಳಗುವುದಿಲ್ಲ. ತಾವು ಹುಡುಕುತ್ತಿರುವುದು ಸಿಕ್ಕಾಗ ಮಾತ್ರ ಬೆಳಗುತ್ತವೆ. 2015ರಲ್ಲಿ ಪ್ರಕಟವಾದ ಅವರ ಒಂದು ಬಣ್ಣ ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಎ ಮತ್ತು ಟಿ ಒತ್ತಾಗಿರುವ ಕಡೆ, ಅದರಲ್ಲೂ ಎಎಟಿಟಿ ಎಂಬ ಜೋಡಣೆಯಿರುವ ಕಿರಿದಾದ ಕಣಿವೆಯಲ್ಲಿ ಹೋಗಿ ಕೂತು, ಅಲ್ಲಿ ಅವಗೆಂಪಿನ ಅಂಚಿನ ಬೆಳಕು ಸೂಸುತ್ತದೆ. ಮಲೇರಿಯಾದ ಪರಾವಲಂಬಿಯ ಡಿಎನ್ಎಯಲ್ಲಿ ಎ, ಟಿ ಅಕ್ಷರಗಳೇ ಹೆಚ್ಚು. ಹಾಗಾಗಿ ಈ ಬಣ್ಣ ಅದನ್ನು ಗುರುತು ಹಿಡಿಯಿತು, ಕಡಿಮೆ ಪ್ರಮಾಣದಲ್ಲೇ ಅದರ ಬೆಳವಣಿಗೆಯನ್ನೂ ತಡೆಯಿತು. ಮಲೇರಿಯಾ ಮದ್ದಿನ ತೊಗಟೆಯಿಂದ ಹುಟ್ಟಿದ ಸಯನೀನ್ ಹೆಸರು ಒಂದೂವರೆ ಶತಮಾನದ ಮೇಲೆ ಜಕ್ಕೂರಿನಲ್ಲಿ ಮಲೇರಿಯಾದ ಬಳಿಗೇ ಬಂತು. 2016ರಲ್ಲಿ ಅದೇ ತಂಡ, ಕೋಶದೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಹೆಚ್ಚಾದಾಗ ಬೀಗ ತೆರೆದುಕೊಂಡು ಡಿಎನ್ಎಯನ್ನು ಸೇರಿ ಬೆಳಗುವ ಇನ್ನೊಂದು ಬಣ್ಣವನ್ನೂ, ಮರೆವಿನ ರೋಗದಲ್ಲಿ ಮಿದುಳಿನಲ್ಲಿ ಜಮೆಯಾಗುವ ಅಮಿಲಾಯ್ಡ್ ಗಂಟುಗಳನ್ನು ಕೆಂಪಾಗಿ ತೋರಿಸುವ ಮತ್ತೊಂದನ್ನೂ ವರದಿ ಮಾಡಿತು. ಗೋವಿಂದರಾಜು ಅವರಿಗೆ 2021ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಸಂದಿದೆ. ಇವೆಲ್ಲ ಇನ್ನೂ ಪ್ರಯೋಗಶಾಲೆಯ ಬಣ್ಣಗಳು; ರೋಗಿಯ ನರಕ್ಕೆ ಏರಬೇಕಾದರೆ ವಿಷವಿಲ್ಲ, ನಿಲ್ಲದೆ ಹೊರಹೋಗುತ್ತದೆ ಎಂಬ ಪರೀಕ್ಷೆಗಳ ಉದ್ದದ ಸಾಲು ದಾಟಬೇಕು.

ಐಸಿಜಿಯ ಕಥೆ ಕೇಳಲು ಬಾಗಲಕೋಟೆ ಜಿಲ್ಲೆಗೆ ತನ್ನದೇ ಕಾರಣವೊಂದಿದೆ: ಆನೆಕಾಲು ರೋಗ, ಅಂದರೆ ಫೈಲೇರಿಯಾ. ರಾಜ್ಯದಲ್ಲಿ ಫೈಲೇರಿಯಾ ಪೀಡಿತವೆಂದು ಗುರುತಿಸಲಾದ ಜಿಲ್ಲೆಗಳಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರಗಳ ಜೊತೆ ಬಾಗಲಕೋಟೆಯೂ ಸೇರಿದೆ. ಗಟಾರದ ಕೊಳಕು ನೀರಿನಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆ ಈ ರೋಗದ ಹುಳುವನ್ನು ಹೊತ್ತು ತರುತ್ತದೆ. ನೂಲಿನೆಳೆಯಂಥ ಆ ಹುಳುಗಳು ದುಗ್ಧನಾಳಗಳಲ್ಲಿ ಮನೆ ಮಾಡಿಕೊಂಡು ಆರೆಂಟು ವರ್ಷ ಬದುಕುತ್ತವೆ. ನಾಳ ಹಿಗ್ಗಿ, ಕವಾಟ ಕೆಟ್ಟು, ರಸ ಮೇಲೇರದೆ ಕಾಲು ಊದುತ್ತದೆ. ಕುಣಿಮಗ್ಗದಲ್ಲಿ ಕೂತು ದಿನವಿಡೀ ಕಾಲುಮಣೆ ತುಳಿಯುವವರಿಗೆ ಆ ಕಾಲೇ ಬಂಡವಾಳ.

ದುಗ್ಧನಾಳ ಎಕ್ಸ್‌ರೇಯಲ್ಲಿ ಹಾಗೇ ಕಾಣುವುದಿಲ್ಲ. ಕಾಲ್ಬೆರಳುಗಳ ನಡುವೆ ಚರ್ಮದ ಕೆಳಗೆ ಸ್ವಲ್ಪವೇ ಐಸಿಜಿ ಚುಚ್ಚಿದರೆ, ನಾಳಗಳು ಅದನ್ನು ಹೀರಿ ಮೇಲಕ್ಕೆ ಒಯ್ಯುವುದು ಅವಗೆಂಪು ಕ್ಯಾಮೆರಾದಲ್ಲಿ ಆಗಿಂದಾಗಲೇ ಕಾಣುತ್ತದೆ. ಆರೋಗ್ಯವಾದ ಕಾಲಿನಲ್ಲಿ ನೇರ ಗೆರೆಗಳು. ಕೆಟ್ಟ ಕಾಲಿನಲ್ಲಿ ಬಣ್ಣ ದಾರಿ ತಪ್ಪಿ ಚರ್ಮದಡಿ ಚುಕ್ಕಿಚುಕ್ಕಿಯಾಗಿ ಹರಡುತ್ತದೆ. ಇನ್ನೂ ಕೆಲಸ ಮಾಡುವ ನಾಳ ಉಳಿದಿದ್ದರೆ ಚರ್ಮದ ಮೇಲೆ ಪೆನ್ನಿನಿಂದ ಗುರುತು ಮಾಡಿ, ಮಿಲಿಮೀಟರಿಗಿಂತ ತೆಳುವಾದ ಅದನ್ನು ಪಕ್ಕದ ಸಣ್ಣ ರಕ್ತನಾಳಕ್ಕೆ ಜೋಡಿಸಿ ರಸಕ್ಕೆ ಹೊಸ ದಾರಿ ಮಾಡಿಕೊಡುವ ಶಸ್ತ್ರಚಿಕಿತ್ಸೆಯಿದೆ. ಅದು ಎಲ್ಲರಿಗೂ ಒದಗುವಂಥದ್ದಲ್ಲ. ದಿನಾ ಸಾಬೂನು ಹಚ್ಚಿ ಕಾಲು ತೊಳೆದು ಒರೆಸುವುದು, ಬೆರಳ ಸಂದಿಯ ಗಾಯ ಮಾಗಿಸುವುದು, ಕಾಲೆತ್ತಿ ಇಡುವುದು ಈಗಲೂ ಮುಖ್ಯ ಚಿಕಿತ್ಸೆ. ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು ನಡೆಸುವ ಅನ್ವಯಿಕ ಚರ್ಮಶಾಸ್ತ್ರ ಸಂಸ್ಥೆ ಇಂಥ ಆರೈಕೆಗೆ ಯೋಗ, ಆಯುರ್ವೇದಗಳನ್ನೂ ಕೂಡಿಸಿ ಊದಿದ ಕಾಲುಗಳನ್ನು ಇಳಿಸುತ್ತ ಬಂದಿದೆ.

ಬಣ್ಣದ ನಿಜವಾದ ಉಪಯೋಗ ಇರುವುದು ಊತಕ್ಕಿಂತ ಮೊದಲು. ಕೇರಳದ ಆಲಪ್ಪುಳದಲ್ಲಿ ಡಾ. ಆರ್. ಕೆ. ಶೆಣೈ ಅವರ ತಂಡ, ಹೊರಗೆ ಯಾವ ಲಕ್ಷಣವೂ ಇಲ್ಲದ ಸೋಂಕಿತ ಮಕ್ಕಳಲ್ಲೂ ದುಗ್ಧನಾಳಗಳು ಆಗಲೇ ಹಿಗ್ಗಿರುವುದನ್ನು ವಿಕಿರಣ ಚಿತ್ರಣದಲ್ಲಿ ಕಂಡಿತು. ಔಷಧ ಕೊಟ್ಟ ಮೇಲೆ ಎಷ್ಟೋ ಮಕ್ಕಳಲ್ಲಿ ಅದು ಸರಿಹೋಯಿತು. ಅಂದರೆ ಕಾಲು ಆನೆಕಾಲಾಗುವ ಮುನ್ನ ತಿದ್ದಬಹುದಾದ ವರ್ಷಗಳಿವೆ. ಆ ಚಿತ್ರಕ್ಕೆ ವಿಕಿರಣ ವಸ್ತು ಬೇಕಾಗಿತ್ತು, ದೊಡ್ಡ ಆಸ್ಪತ್ರೆ ಬೇಕಾಗಿತ್ತು. ಐಸಿಜಿ ಕ್ಯಾಮೆರಾವನ್ನು ಒಂದು ಗಾಡಿಯ ಮೇಲಿಟ್ಟು ತಳ್ಳಿಕೊಂಡು ಹೋಗಬಹುದು. ಫೈಲೇರಿಯಾ ಗುಳಿಗೆ ನುಂಗಿಸುವ ಕಾರ್ಯಕ್ರಮದ ಜೊತೆಗೆ ಈ ಪರೀಕ್ಷೆಯೂ ಬಾಗಲಕೋಟೆ, ವಿಜಯಪುರದ ಆಸ್ಪತ್ರೆಗಳಲ್ಲಿ ಸಿಗುವಂತಾಗಬೇಕು. ರಾತ್ರಿ ರಕ್ತ ಪರೀಕ್ಷೆಯಲ್ಲಿ ಹುಳು ಕಂಡ ಪ್ರತಿ ಮಗುವಿನ ಕಾಲನ್ನೂ ಅದರಡಿ ನೋಡಬೇಕು. ಅದಕ್ಕೆ ಬೇಕಾದ ಬಣ್ಣ 1959ರಿಂದ ವೈದ್ಯರ ಬಳಿ ಇದೆ.